ಸಿದ್ದಿ ಮಕ್ಕಳೆಲ್ಲ ಓಡಲೇಬೇಕಾ?

ಸಂಪಾದಕರೇ,

ಶಾಲೆಗಳಲ್ಲಿ ಕ್ರೀಡಾಕೂಟ, ಪ್ರತಿಭಾ ಕಾರಂಜಿಯ ಗಡಿಬಿಡಿ ಶುರುವಾಗಿದೆ. ಅದಕ್ಕೇ ಈ ಪತ್ರ ಈಗಲೇ ಬರೆಯುತ್ತಿದ್ದೇನೆ.

ನಮ್ಮದು ಯಲ್ಲಾಪುರ ತಾಲೂಕು. ಸಿದ್ದಿ ಜನ ಇಲ್ಲಿಗೆ ಹೊಸಬರಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಬಂದು ನಮ್ಮ ಘಟ್ಟದ ಕಾಡು ಸೇರಿದರು, ಅವರ ಸಂತತಿ ಇವರು. ಕೊಂಕಣಿ, ಕನ್ನಡ, ಮರಾಠಿ, ಉರ್ದು ಎಲ್ಲ ಮಾತಾಡುತ್ತಾರೆ. ಆದರೂ ಬಸ್ಸಲ್ಲಿ ಪಕ್ಕ ಕೂತ ಪರವೂರಿನವರು ಇಂಗ್ಲಿಷಲ್ಲಿ ‘ಯಾವ ದೇಶ’ ಅಂತ ಕೇಳುವುದು ಇನ್ನೂ ನಿಂತಿಲ್ಲ.

ನನ್ನ ಮಗಳು ಐದನೇ ಕ್ಲಾಸು. ಅವಳ ಜೀವದ ಗೆಳತಿ ಒಬ್ಬ ಸಿದ್ದಿ ಹುಡುಗಿ. ಪಿಟಿ ಸರ್ ಆ ಹುಡುಗಿಯನ್ನು ಒಂದು ಮಾತೂ ಕೇಳದೆ ನೂರು ಮೀಟರ್, ಇನ್ನೂರು ಮೀಟರ್, ರಿಲೇ ಮೂರಕ್ಕೂ ಹೆಸರು ಬರೆದುಕೊಂಡರಂತೆ. ಅವಳಿಗೆ ಬೇಕಾಗಿದ್ದು ಕಂಠಪಾಠ. ನಮ್ಮ ಜಗಲಿಯಲ್ಲಿ ಕೂತು ಉದ್ದುದ್ದ ಪದ್ಯಗಳನ್ನು ಒಂದು ಕಡೆಯೂ ತಡವರಿಸದೆ ಹೇಳುತ್ತಾಳೆ, ನಾನೇ ಕೇಳಿದ್ದೇನೆ. ಮಗಳು ಬಂದು ಕೇಳಿದಳು: “ಆಯಿ, ಮುಟ್ಟಾಟದಲ್ಲಿ ಯಾವಾಗ್ಲೂ ಮೊದಲು ಸಿಕ್ಕಿಬೀಳೋದು ಅವಳೇ. ಸರ್‌ಗೆ ಅಷ್ಟೂ ಗೊತ್ತಿಲ್ವಾ?”

ಸರ್ ಒಬ್ಬರನ್ನೇ ಬಯ್ದು ಏನು ಮಾಡೋಣ. 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರವೂ ಇದೇ ಲೆಕ್ಕ ಹಾಕಿತ್ತು. ಆಫ್ರಿಕಾ ಮೂಲದವರು, ಓಡ್ತಾರೆ, ಒಲಿಂಪಿಕ್ ಪದಕ ತರ್ತಾರೆ ಅಂತ ಸಿದ್ದಿ ಮಕ್ಕಳನ್ನು ಆರಿಸಿ, ಊರು ಬಿಡಿಸಿ ತರಬೇತಿ ಕೊಟ್ಟರು. ಕೆಲವರು ಚೆನ್ನಾಗಿಯೇ ಓಡಿದರು, ಕೆಲವರಿಗೆ ಸರ್ಕಾರಿ ನೌಕರಿಯೂ ಸಿಕ್ಕಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಯೋಜನೆ ಹೋದರೂ ಆ ಲೆಕ್ಕ ಮಾತ್ರ ಎಲ್ಲರ ತಲೆಯಲ್ಲಿ ಹಾಗೇ ಉಳಿಯಿತು. ಹುಡುಗಿಯ ಅಪ್ಪನಿಗೂ ಮಗಳು ಓಡಲಿ ಅಂತಲೇ ಇದೆ. ಕ್ರೀಡಾ ಹಾಸ್ಟೆಲ್ಲಿಗೆ ಸೇರಿದರೆ ಊಟ, ಓದು ಎರಡೂ ಆಗುತ್ತದೆ, ಮುಂದೆ ರೈಲ್ವೆಯಲ್ಲೋ ಪೊಲೀಸಲ್ಲೋ ಕೆಲಸ ಅಂತ ಅವರ ಆಸೆ. ದಿನಗೂಲಿ ಮಾಡುವವರಿಗೆ ಅದು ಸಣ್ಣ ಆಸೆಯೇನಲ್ಲ, ಅವರಿಗೆ ಬುದ್ಧಿ ಹೇಳಲು ನಾನ್ಯಾರು? ಆದರೆ ಪದ್ಯ ಹೇಳುವ ಹುಡುಗಿಗೂ ಒಂದು ದಾರಿ ಇದೆ ಅಂತ ಅವರಿಗೆ ಯಾರೂ ತೋರಿಸಿಲ್ಲ, ಅಲ್ವಾ? ಗಿರಿಜಾ ಸಿದ್ದಿ ಹಿಂದೂಸ್ತಾನಿ ಸಂಗೀತ ಹಾಡುತ್ತಾರೆ. ಪ್ರಶಾಂತ್ ಸಿದ್ದಿ ನೀನಾಸಂ ರಂಗಶಾಲೆಯಲ್ಲಿ ಕಲಿತು ಸಿನಿಮಾ ನಟರಾದರು. ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ ಸದಸ್ಯರಾದರು. ಸ್ಪೋರ್ಟ್ಸ್ ಡೇ ದಿನ ಭಾಷಣ ಮಾಡುವವರ ಬಾಯಲ್ಲಿ ಈ ಹೆಸರು ಬರುವುದೇ ಇಲ್ಲ.

ಇನ್ನು ಛದ್ಮವೇಷ. ಪ್ರತಿ ವರ್ಷ ಒಂದಲ್ಲ ಒಂದು ಮಗುವಿಗೆ ಮೈಗೆಲ್ಲ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ಕೈಗೆ ಭರ್ಜಿ ಕೊಟ್ಟು ‘ಕಾಡುಮನುಷ್ಯ’ ಅಂತ ಸ್ಟೇಜ್ ಹತ್ತಿಸುತ್ತಾರೆ. ಅದು ‘ಹೂ ಹಾ’ ಅಂತ ಕುಣಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಎಷ್ಟೋ ಸಲ ಬಹುಮಾನವೂ ಅದಕ್ಕೇ. ಕೆಳಗೆ ಜಮಖಾನೆ ಮೇಲೆ ಸಿದ್ದಿ ಮಕ್ಕಳು ಕೂತಿರುತ್ತಾರೆ. ಹೋದ ವರ್ಷ ನನ್ನ ಮಗಳು ಜೋರಾಗಿಯೇ ಕೇಳಿಬಿಟ್ಟಳು, “ಮುಖ ಕಪ್ಪು ಮಾಡ್ಕೊಂಡ್ರೆ ಕಾಡುಮನುಷ್ಯ ಹೇಗಾಗ್ತಾರೆ? ಇವಳು ಕಪ್ಪೇ ಇದ್ದಾಳೆ, ಇವಳ ಮನೇಲಿ ಟಿವಿ ಇದೆ, ಸ್ಕೂಟಿ ಇದೆ.” ಸುತ್ತ ಕೂತ ತಾಯಂದಿರು ನಕ್ಕರು. ಗೆಳತಿ ನಗಲಿಲ್ಲ, ಜಮಖಾನೆಯ ದಾರ ಕೀಳುತ್ತ ಕೂತಳು.

ಮಕ್ಕಳಿಗೆ ಇದನ್ನೆಲ್ಲ ಕಲಿಸಲು ಶಾಲೆಯೇ ಬೇಕಾಗಿಲ್ಲ ಬಿಡಿ. ಬಸುರಿಗೆ ಕೇಸರಿ ಹಾಲು ಕುಡಿಸುವಾಗಲೇ ನಮ್ಮ ಪಾಠ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಅತ್ತೆ, “ಬಿಸ್ಲಿಗೆ ಹೋಗಡ ಕೂಸೇ, ಕಪ್ಪಾಗ್ತೆ” ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಕೂಸಿಗೆ ತಲೆ ಇದೆ, “ಕಪ್ಪಾದ್ರೆ ಏನಾಗ್ತದೆ ಅಜ್ಜಿ?” ಅಂದಳು. “ಗಂಡು ಸಿಗ್ತಾ ಇಲ್ಲೆ” ಅಂದರು ಅಜ್ಜಿ. ಹತ್ತು ವರ್ಷದ ಹುಡುಗಿಗೆ!

ಶಿಕ್ಷಣ ಇಲಾಖೆಯವರಲ್ಲಿ ಎರಡೇ ಕೇಳಿಕೆ. ಛದ್ಮವೇಷದಲ್ಲಿ ಮಸಿ ಬಳಿದು ಯಾವುದೇ ಜನಾಂಗದವರನ್ನು ‘ಕಾಡುಮನುಷ್ಯ’ ಮಾಡಬಾರದು ಅಂತ ಒಂದು ಸುತ್ತೋಲೆ ಕಳಿಸಿ. ಓಟದ ಪಟ್ಟಿಗೆ ಹೆಸರು ಬರೆಯುವ ಮೊದಲು ಮಗುವನ್ನು ಕೇಳಿ. ಓಡುವ ಮನಸ್ಸಿದ್ದವರು ಓಡಲಿ, ಬೇಡ ಅಂದವರು ಯಾರು?

ನಿಮಗೂ ಒಂದು ಮಾತಿದೆ ಸಂಪಾದಕರೇ. ನಿಮ್ಮ ಭಾನುವಾರದ ವಧು-ವರ ಕಾಲಂನಲ್ಲಿ ‘ಬೆಳ್ಳಗಿನ, ಸುಂದರ ವಧು ಬೇಕಾಗಿದೆ’ ಅಂತ ಬರುತ್ತಲೇ ಇದೆ. ಓದು, ಕೆಲಸ, ಗೋತ್ರ ಏನು ಬೇಕಾದರೂ ಹಾಕಿಕೊಳ್ಳಲಿ, ಬಣ್ಣದ ಆ ಒಂದು ಪದ ತೆಗೆದು ಅಚ್ಚು ಹಾಕಲು ನಿಮಗೇನು ಕಷ್ಟ? ಜಾಗ ಇಲ್ಲ ಅಂತ ಈ ಪತ್ರ ಬಿಟ್ಟರೂ ಬೇಜಾರಿಲ್ಲ, ಅದೊಂದು ತೆಗೆಯಿರಿ.

— ಒಬ್ಬ ಓದುಗಿ, ಯಲ್ಲಾಪುರ