ಬೆರಳು ಹಿಡಿದು ನಡೆಸಿದವರಿಗೆ

ನಮ್ಮ ಎಡಗೈ ಸ್ಪಿನ್ನರ್ ಹುಡುಗಿ ರಾಜ್ಯದ 19 ವರ್ಷದೊಳಗಿನವರ ಕ್ರಿಕೆಟ್ ತಂಡದಲ್ಲಿ ಮೊದಲ ಸೀಸನ್ ಮುಗಿಸಿ, ಮೊದಲ ಮ್ಯಾಚ್ ಫೀ ಪಡೆದು ವಿಜಯಪುರಕ್ಕೆ ಬಂದಿದ್ದಾಳೆ. ಇದರಲ್ಲಿ ಊರಿನ ಎಷ್ಟೋ ಜನರ ಪಾಲಿದೆ.

ಆಟದ ಸಾಮಾನಿನ ಅಂಗಡಿ ಅಣ್ಣಾವರೇ, ಮೊದಲ ನಮಸ್ಕಾರ ನಿಮಗೆ. ಗಂಡಸರ ಚೆಂಡು ಸುಮಾರು 156ರಿಂದ 163 ಗ್ರಾಂ, ಹೆಣ್ಣುಮಕ್ಕಳದ್ದು 140ರಿಂದ 151. ಗಾತ್ರವೂ ಸಣ್ಣದು. ದೊಡ್ಡ ಚೆಂಡಿನ ಸೀಮ್ (ಹೊಲಿಗೆ) ಮೇಲೆ ಸಣ್ಣ ಕೈಯ ತೋರುಬೆರಳು, ನಡುಬೆರಳು ಅಗಲಿಸಿ ಕೂರುವುದಿಲ್ಲ. ಚೆಂಡು ಅಂಗೈಗೆ ಜಾರುತ್ತದೆ, ಬೆರಳು ತಿರುಗಿಸುವ ಬದಲು ಕೈ ತಳ್ಳುತ್ತದೆ, ಸ್ಪಿನ್ ಸತ್ತುಹೋಗುತ್ತದೆ. ಗಿರಾಕಿ ಕಡಿಮೆ ಎಂದು ಗೊತ್ತಿದ್ದೂ ಸಣ್ಣ ಚೆಂಡನ್ನು ಡಜನ್ ಲೆಕ್ಕದಲ್ಲಿ ತರಿಸಿದಿರಿ. ಅವಳ ಚೆಂಡು ತಿರುಗತೊಡಗಿದ್ದು ಆಮೇಲೆಯೇ.

ಮೈದಾನದ ಕಾಕಾ, ನಿಮ್ಮ ಋಣ ದೊಡ್ಡದು. ಪಿಚ್ ಮೇಲೆ ಹಾಸಿದ ಮ್ಯಾಟ್ ಸಡಿಲವಿದ್ದರೆ ಒಂದೇ ಜಾಗಕ್ಕೆ ಬಿದ್ದ ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ ಬರುತ್ತದೆ. ಬೌಲರ್ ತನ್ನದೇ ತಪ್ಪೆಂದು ಆಕ್ಷನ್ ಕೆಡಿಸಿಕೊಳ್ಳುತ್ತಾಳೆ. ನೀವು ದಿನಾ ನಸುಕಿನಲ್ಲೇ ಎಳೆದು ಮೊಳೆ ಬಿಗಿದಿರಿ. ಮ್ಯಾಟ್‌ನ ಪುಟಿತಕ್ಕೆ ಒಗ್ಗಿದವರು ಮಣ್ಣಿನ ಪಿಚ್‌ನಲ್ಲಿ ಶಾರ್ಟ್ ಹಾಕಿ (ಬ್ಯಾಟರಿಗೆ ದೂರದಲ್ಲೇ ಪುಟಿಸಿ) ಪುಲ್ ಹೊಡೆಸಿಕೊಳ್ಳುತ್ತಾರೆಂದು ಎರಿ ಮಣ್ಣಿನ ಒಂದು ಪಿಚ್ಚನ್ನೂ ಮಾಡಿಕೊಟ್ಟಿರಿ. ಹಸಿಯಿದ್ದರೆ ಆ ಮಣ್ಣು ರೋಲರ್‌ಗೆ ಮೆತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಅಂಟಬಾರದು. ಆ ಹದ ನಿಮಗಿಂತ ಚೆನ್ನಾಗಿ ಬಲ್ಲವರನ್ನು ನಾವು ಕಂಡಿಲ್ಲ.

ಫಿಸಿಯೋ ಮೇಡಂ, ತೋರುಬೆರಳಿನ ಚರ್ಮ ಸೀಳಿದಾಗ ಟೇಪ್ ಸುತ್ತಿ ಆಡಿಸಬೇಡಿ ಎಂದವರು ನೀವು. ಪಂದ್ಯದಲ್ಲಿ ಬೌಲಿಂಗ್ ಕೈಗೆ ಟೇಪ್ ಇದ್ದರೆ ಅಂಪೈರ್ ಬಿಚ್ಚಿಸುತ್ತಾರೆ. ಒಂಬತ್ತು ದಿನ ಚೆಂಡು ಮುಟ್ಟಲಿಲ್ಲ, ಗಾಯ ಮಾಗಿ ಚರ್ಮ ಗಟ್ಟಿಯಾಯಿತು.

ನೆಟ್ಸ್‌ನಲ್ಲಿ ಬೇಸರಪಡದೆ ಅವಳ ಚೆಂಡಿಗೆ ಸ್ವೀಪ್ (ಮಂಡಿಯೂರಿ ಬೀಸುವ ಹೊಡೆತ) ಆಡುತ್ತಲೇ ಇದ್ದ ಹುಡುಗರಿಗೂ ಧನ್ಯವಾದ.

2017ರ ಮಹಿಳಾ ವಿಶ್ವಕಪ್‌ನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ಇದೇ ಊರಿನ ಎಡಗೈ ಸ್ಪಿನ್ನರ್. ‘ಹೆಣ್ಣುಹುಡುಗಿ ಬೌಲಿಂಗ್ ಕಲಿತು ಏನು ಮಾಡ್ತಾಳ?’ ಎಂದವರಿಗೆ ಆ ಒಂದು ಹೆಸರು ಹೇಳಿದರೆ ಸಾಕಾಗುತ್ತಿತ್ತು. ರಾಜೇಶ್ವರಿ ಅವರಿಗೂ ನಾವು ಋಣಿಗಳು.

ಇನ್ನು ಅವ್ವ. ಹಗ್ಗದಾಚೆ ಕೂತು, ಓವರಿಗೊಂದರಂತೆ ಶೇಂಗಾ ಕಾಳು ಬಟ್ಟಲಿಗೆ ಹಾಕುತ್ತಿದ್ದಿರಿ. ಹತ್ತನೆಯದು ಬಿದ್ದರೆ, ಮಗಳು ಎಷ್ಟು ಬೇಡಿಕೊಂಡರೂ ಅವತ್ತಿನ ಬೌಲಿಂಗ್ ಮುಗಿಯಿತು. ಭುಜ ಇವತ್ತಿಗೂ ನೋವಿಲ್ಲದೆ ಇರುವುದು ಆ ಲೆಕ್ಕದಿಂದ.

ಸೋಮವಾರ ಅವಳು ಮತ್ತೆ ನೆಟ್ಸ್‌ಗೆ ಬರುತ್ತಾಳೆ. ಮೊದಲ ವಾರ ದಿನಕ್ಕೆ ಆರೇ ಓವರ್. ಅವ್ವಾ, ಬಟ್ಟಲು ತರಬೇಕು.