ಗದಗಿನ ಟ್ರೇನಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ

ಮೊನ್ನೆ ಎರಡನೇ ಎಂಆರ್‌ಐ ರಿಪೋರ್ಟ್ ಕೈಗೆ ಬಂತು. ಮೆದುಳಿನ ಪೊರೆ ಮತ್ತೆ ಮೊದಲಿನಂತೆ ತೆಳ್ಳಗಾಗಿದೆ. ಬಾಕಿ ಉಳಿದ ಥ್ಯಾಂಕ್ಸ್ ಎಲ್ಲ ಇವತ್ತು ಹೇಳಿಬಿಡುತ್ತೇನೆ.

ಆರು ವಾರ ತಲೆನೋವು. ಸೈನಸ್ ಅಂತ ಒಬ್ಬರು ಮಾತ್ರೆ ಕೊಟ್ಟರು, ಮೈಗ್ರೇನ್ ಅಂತ ಇನ್ನೊಬ್ಬರು. ಸಿಟಿ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಲು ಗದಗಿನಲ್ಲಿ ಟ್ರೇನ್ ಹತ್ತಿದಾಗ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ. ನನ್ನ ಸೀಟಿನಲ್ಲಿದ್ದ ಮೂವರೂ ಎದ್ದು ನಿಂತು, "ಅಕ್ಕಾರ, ಅಡ್ಡ ಆಗ್ರಿ" ಅಂದರು. ಅಣ್ಣಿಗೇರಿ ಬರುವಷ್ಟರಲ್ಲಿ ನೋವು ಮಾಯ! ಹುಬ್ಬಳ್ಳಿಯಲ್ಲಿ ಎದ್ದು ಇಳಿದೆ, ಐದೇ ನಿಮಿಷಕ್ಕೆ ಮತ್ತೆ ಶುರು.

ಇದನ್ನು ಸುಮ್ನೆ ಮಾತಿಗೆ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. "ಮಲಗಿದ್ರ ಕಡಿಮಿ, ಎದ್ರ ಜಾಸ್ತಿ, ಹೌದಿಲ್ರಿ?" ಅಂತ ಎರಡು ಸಲ ಕೇಳಿ, ಚಿತ್ರ ಸ್ಪಷ್ಟವಾಗಿ ಕಾಣಲು ಕಾಂಟ್ರಾಸ್ಟ್ ಅನ್ನೋ ಔಷಧಿ ಹಾಕಿ ಎಂಆರ್‌ಐ ಮಾಡಿಸಿದರು.

ಪೊರೆ ದಪ್ಪಗಾಗಿದೆ ಅಂತ ರಿಪೋರ್ಟ್ ಬಂತು. ನಮ್ಮನೆಯವರ ಮುಖ ಬಿಳಿಚಿಕೊಂಡಿತು. ಟಿಬಿ, ಕ್ಯಾನ್ಸರ್, ಐಜಿಜಿ4 ಅನ್ನೋ ಕಾಯಿಲೆ, ಯಾವುದರಿಂದಲೂ ಹೀಗಾಗಬಹುದು ಅನ್ನೋದನ್ನು ಡಾಕ್ಟರ್ ಮುಚ್ಚಿಡಲಿಲ್ಲ. ಆಮೇಲೆ ಫಿಲ್ಮ್ ಬೆಳಕಿಗೆ ಹಿಡಿದರು. ಮೆದುಳಿನ ಸುತ್ತ ಬಿಳಿ ಗೆರೆ, ಎಲ್ಲೂ ಗಂಟಿಲ್ಲ. "ನೋಡ್ರಿ, ಛಲೋ ತಟ್ಟಿದ ರೊಟ್ಟಿಗತೆ ಎಲ್ಲಾ ಕಡೆ ಒಂದ ಸಮ ಐತಿ." ಮೆದುಳೂ ಒಂಚೂರು ಕೆಳಗೆ ಜಗ್ಗಿತ್ತು. ಬೆನ್ನಿನಲ್ಲೆಲ್ಲೋ ಪೊರೆ ಹರಿದು ನೀರು ಸೋರುತ್ತಿತ್ತಂತೆ. ಮೆದುಳು, ಬೆನ್ನುಹುರಿ ಸುತ್ತ ಆ ನೀರು ಇರೋದೇ ಸುಮಾರು 150 ಎಂಎಲ್. ತಲೆಬುರುಡೆ ಗಟ್ಟಿ ಡಬ್ಬಿ, ಅದು ಕುಗ್ಗುವುದಿಲ್ಲ. ನೀರು ಕಡಿಮೆಯಾದ ಜಾಗ ತುಂಬಲು ರಕ್ತನಾಳಗಳು ಉಬ್ಬುತ್ತವೆ, ಪೊರೆ ದಪ್ಪಗೆ ಕಾಣುತ್ತದೆ.

ಮಲಗಿ ರೆಸ್ಟ್ ತಗೊಂಡರೂ ಸೋರಿಕೆ ನಿಲ್ಲಲಿಲ್ಲ. ಕೊನೆಗೆ ನನ್ನ ತೋಳಿನಿಂದಲೇ 20 ಎಂಎಲ್ ರಕ್ತ ತೆಗೆದು ಬೆನ್ನಿಗೆ ಚುಚ್ಚಿದರು. ಬ್ಲಡ್ ಪ್ಯಾಚ್ ಅಂತಾರೆ. ನಮ್ಮ ಭಾಷೆಯಲ್ಲಿ ಪಂಕ್ಚರ್ ಹಾಕೋದು, ಅಷ್ಟೇ. ಮರುದಿನ ಎದ್ದು ಕೂತೆ. ನೋವಿಗಾಗಿ ಕಾದೆ. ಬರಲಿಲ್ಲ.

ಡಾಕ್ಟರ್, ನಿಮಗೆ ಎಷ್ಟು ಹೇಳಿದರೂ ಕಡಿಮೆ. ಎಂಆರ್‌ಐ ರೂಮಿನಲ್ಲಿ "ಸಪ್ಪಳಕ್ಕ ಅಂಜಬ್ಯಾಡ್ರಿ" ಅಂತ ಕೈಗೆ ಗಂಟೆ ಕೊಟ್ಟ ಹುಡುಗನಿಗೂ. ಮಲಗಿದಲ್ಲೇ ತುತ್ತು ಮಾಡಿ ಉಣಿಸಿದ ಅತ್ತೆಗೆ, ಮಕ್ಕಳ ಡಬ್ಬಿ ಕಟ್ಟಿಕೊಟ್ಟ ಪಕ್ಕದ ಮನೆ ಕಾಕೂಗೆ.

ಟ್ರೇನಿನ ಆ ಮೂವರ ಹೆಸರು ಕೇಳಲಿಲ್ಲ. ಒಬ್ಬರು ತಲೆದಿಂಬಿಗೆ ತಮ್ಮ ಚೀಲ ಕೊಡಲು ಹೋಗಿ, ಒಳಗೆ ಮೆಣಸಿನಕಾಯಿ ಇರೋದು ನೆನಪಾಗಿ ನಕ್ಕು, ಹೆಗಲ ಮೇಲಿನ ಟವೆಲ್ ಮಡಚಿ ಕೊಟ್ಟಿದ್ದರು. ಅಣ್ಣಾರ, ನಿಮ್ಮ ಟವೆಲ್ ಇನ್ನೂ ನಮ್ಮನೆಯಲ್ಲೇ ಇದೆ. ಒಗೆದು ಇಟ್ಟಿದ್ದೇನೆ.