ಹೊಸ ಆಸ್ಪತ್ರೆಯ ಎಸ್ಟಿಮೇಟ್‌ನಲ್ಲಿ ಭೂಕಂಪದ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಳೆಯ ಸರ್ಕಾರಿ ಆಸ್ಪತ್ರೆ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದಾಗಲೆಲ್ಲ ಹಾಸಿಗೆ ಎಷ್ಟು, ವೈದ್ಯರು ಎಷ್ಟು, ಜಾಗ ಎಲ್ಲಿ ಎಂಬುದಷ್ಟೇ ಚರ್ಚೆಗೆ ಬರುತ್ತದೆ. ಭೂಮಿ ನಡುಗಿದರೆ ಆ ಕಟ್ಟಡ ನಿಲ್ಲುತ್ತದೆಯೇ ಎಂದು ಕೇಳಿದರೆ, ‘ನಮ್ಮದು ಭೂಕಂಪದ ನಕ್ಷೆಯಲ್ಲಿ ಕಡಿಮೆ ಅಪಾಯದ ಎರಡನೇ ವಲಯ, ಇಲ್ಲಿ ಅದೆಲ್ಲ ಯಾಕೆ’ ಎನ್ನುವ ಎಂಜಿನಿಯರ್‌ಗಳೇ ಹೆಚ್ಚು. ಆಸ್ಪತ್ರೆಯ ವಿಷಯದಲ್ಲಿ ಈ ಮಾತು ಒಪ್ಪುವಂಥದ್ದಲ್ಲ.

2021ರ ಡಿಸೆಂಬರ್ 22ರ ಬೆಳಿಗ್ಗೆ ನಮ್ಮ ಜಿಲ್ಲೆಯಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳಾದವು. ಅಷ್ಟಕ್ಕೆ ಕಟ್ಟಡ ಬೀಳುವುದಿಲ್ಲ, ನಿಜ. ಆದರೆ 1993ರ ಸೆಪ್ಟೆಂಬರ್ 30ರಂದು 6.2 ತೀವ್ರತೆಯ ಭೂಕಂಪವಾದ ಲಾತೂರಿನ ಕಿಲ್ಲಾರಿ, ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಕುಸಿದು ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. 2002ರಲ್ಲಿ ಒಂದನೇ ವಲಯವನ್ನೇ ತೆಗೆದು ಎರಡಕ್ಕೆ ಸೇರಿಸಲಾಯಿತು. ಕಲ್ಲುಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯ ಹಳೆಯ ಸರ್ಕಾರಿ ಕಟ್ಟಡಗಳು ನಮ್ಮಲ್ಲೂ ಇನ್ನೂ ಬಳಕೆಯಲ್ಲಿವೆ. ಗುಜರಾತಿನ ಭುಜ್‌ನಲ್ಲಿ 2001ರ ಜನವರಿ 26ರ ಭೂಕಂಪದಲ್ಲಿ ಸಿವಿಲ್ ಆಸ್ಪತ್ರೆಯೇ ನೆಲಕಚ್ಚಿತು. ಗಾಯಾಳುಗಳು ಸಾಲುಗಟ್ಟಿ ಬರುವ ದಿನವೇ ಆಸ್ಪತ್ರೆ ಇಲ್ಲವಾಯಿತು. ಅಲ್ಲಿ ಮರಳಿ ಕಟ್ಟಿದ ಆಸ್ಪತ್ರೆಯನ್ನು ನೆಲದ ಅಲುಗಾಟ ಮೇಲಕ್ಕೆ ಪೂರ್ತಿ ದಾಟದಂತೆ ರಬ್ಬರ್ ಬೇರಿಂಗ್‌ಗಳ ಮೇಲೆ ಕೂರಿಸಿದ್ದಾರೆ. ನಮಗೆ ಅಷ್ಟು ದುಬಾರಿ ವ್ಯವಸ್ಥೆ ಬೇಕಿಲ್ಲ. ಬೇಕಿರುವುದು ಲೆಕ್ಕದ ಶಿಸ್ತು, ಕಂಬಿ ಕೆಲಸದ ಶಿಸ್ತು.

ಮೊದಲು ಲೆಕ್ಕ. ಭೂಕಂಪದ ಬಲ ಲೆಕ್ಕಹಾಕುವ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಎರಡನೇ ವಲಯದ ಗುಣಾಂಕ 0.10. ಸಾಮಾನ್ಯ ಮನೆ, ಸಣ್ಣ ಕಚೇರಿಗೆ ಪ್ರಾಮುಖ್ಯದ ಗುಣಾಂಕ 1.0 ಆದರೆ ಆಸ್ಪತ್ರೆಗೆ 1.5. ಮೂರು ಅಂತಸ್ತಿನ, ಸುಮಾರು 2,000 ಟನ್ ತೂಕದ ಕಟ್ಟಡ ಎಂದುಕೊಳ್ಳಿ. ಮಾಮೂಲಿ ಪಿಲ್ಲರ್–ಬೀಮ್ ಚೌಕಟ್ಟಿನಲ್ಲಿ ಕಟ್ಟಿದರೆ, ಅಡ್ಡಡ್ಡ ತಳ್ಳುವ ಬಲ ಮನೆಯ ಲೆಕ್ಕದಲ್ಲಿ ಸುಮಾರು 83 ಟನ್, ಆಸ್ಪತ್ರೆಯ ಲೆಕ್ಕದಲ್ಲಿ 125 ಟನ್. ಬೇರೆ ಕಚೇರಿ ಕಟ್ಟಡದ ನಕ್ಷೆಯನ್ನೇ ತಂದು ‘ಆಸ್ಪತ್ರೆ’ ಎಂದು ಹೆಸರು ಬದಲಿಸಿದರೆ ಈ 42 ಟನ್ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಇನ್ನು ರಿಂಗು, ಅಂದರೆ ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಅಡ್ಡ ಕಂಬಿ. ಭೂಕಂಪದಲ್ಲಿ ಪಿಲ್ಲರ್ ಬದುಕುವುದೂ ಸಾಯುವುದೂ ಇದರ ಮೇಲೆ. ನಮ್ಮಲ್ಲಿ 8 ಮಿ.ಮೀ. ಕಂಬಿಯ ರಿಂಗನ್ನು 90 ಡಿಗ್ರಿಗೆ ಮಡಚಿ, ಬುಡದಿಂದ ತುದಿಯವರೆಗೂ ಎಂಟು–ಹತ್ತು ಇಂಚಿಗೊಂದು ಕಟ್ಟುವುದು ರೂಢಿ. ಕಟ್ಟಡ ಓಲಾಡಿದಾಗ ಪಿಲ್ಲರಿನ ಮೇಲ್ಪದರದ ಕಾಂಕ್ರೀಟ್ ಮೊದಲು ಉದುರುತ್ತದೆ. ಅದು ಉದುರಿದ ಕ್ಷಣ 90 ಡಿಗ್ರಿಯ ಕೊಕ್ಕೆಗೆ ಹಿಡಿತವಿಲ್ಲದೆ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದ ಕಂಬಿಗಳು ಹೊರಗೆ ಉಬ್ಬುತ್ತವೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತದೆ. ಕೊಕ್ಕೆಯನ್ನು 135 ಡಿಗ್ರಿಗೆ ಮಡಚಿ, ತುದಿಯನ್ನು ಕನಿಷ್ಠ 65 ಮಿ.ಮೀ. ಪಿಲ್ಲರಿನ ಒಳಮುಖವಾಗಿ ಬಿಟ್ಟರೆ ಮೇಲ್ಪದರ ಹೋದರೂ ರಿಂಗು ಬಿಡುವುದಿಲ್ಲ. ಭೂಕಂಪ ತಾಳುವಂತೆ ಕಂಬಿ ಕಟ್ಟುವ ಮಾನಕ ಐಎಸ್ 13920ರ ಪ್ರಕಾರ, 16 ಮಿ.ಮೀ. ಕಂಬಿಗಳಿರುವ 400 x 400 ಮಿ.ಮೀ. ಪಿಲ್ಲರಿಗೆ, ಬೀಮುಗಳ ನಡುವಿನ ಎತ್ತರ 3 ಮೀಟರ್ ಇದ್ದರೆ, ಮೇಲೆ ಮತ್ತು ಕೆಳಗೆ ಅರ್ಧ ಅರ್ಧ ಮೀಟರ್ ಉದ್ದಕ್ಕೆ ರಿಂಗುಗಳ ಅಂತರ 96 ಮಿ.ಮೀ. ಮೀರಬಾರದು. ಬೀಮು–ಪಿಲ್ಲರ್ ಕೂಡುವ ಗಂಟಿನೊಳಗೂ ರಿಂಗು ಬೇಕು. ಕೈ ಹೋಗುವುದಿಲ್ಲವೆಂದು ಅಲ್ಲಿ ಬಿಟ್ಟುಬಿಡುವುದೇ ಹೆಚ್ಚು.

ಈ ನಿಯಮ ಎರಡನೇ ವಲಯದಲ್ಲಿ ಕಡ್ಡಾಯವಲ್ಲ. ಆದರೂ ಆಸ್ಪತ್ರೆಗೆ ಪಾಲಿಸಲೇಬೇಕು ಎಂಬುದು ನಮ್ಮ ಒತ್ತಾಯ. ಇಲ್ಲೊಂದು ಎಚ್ಚರಿಕೆ. ಹೀಗೆ ಕಟ್ಟುತ್ತೇವೆಂದು ತೋರಿಸಿದರೆ ವಿನ್ಯಾಸದ ಬಲವನ್ನು 125ರಿಂದ 75 ಟನ್ನಿಗೆ ಇಳಿಸಲು ನಿಯಮದಲ್ಲೇ ಅವಕಾಶವಿದೆ. ಕಾಗದದಲ್ಲಿ ಬಲ ಇಳಿಸಿ, ಸೈಟಿನಲ್ಲಿ ಹಳೇ ರಿಂಗನ್ನೇ ಕಟ್ಟಿದರೆ ಕಟ್ಟಡ ಮೊದಲಿಗಿಂತ ದುರ್ಬಲವಾಗುತ್ತದೆ. ಬಲ 125 ಟನ್ನೇ ಇರಲಿ, ರಿಂಗೂ ಹತ್ತಿರವಿರಲಿ.

ಕಾರಿಡಾರಿನಲ್ಲಿ ಇನ್ನೊಂದು ತಪ್ಪು ಪದೇ ಪದೇ ಕಾಣುತ್ತದೆ. ಪಿಲ್ಲರುಗಳ ನಡುವೆ ಎರಡು ಮೀಟರ್ ಎತ್ತರಕ್ಕೆ ಗೋಡೆ ಬಿಗಿದು, ಮೇಲೆ ಒಂದು ಮೀಟರ್ ಗಾಳಿಗೆ ಬಿಡುತ್ತಾರೆ. ಆಗ ಪಿಲ್ಲರಿಗೆ ಬಾಗಲು ಉಳಿಯುವುದು ಆ ಒಂದು ಮೀಟರ್ ಮಾತ್ರ. ಪಿಲ್ಲರ್ ಗಿಡ್ಡವಾದಷ್ಟೂ ಗಡುಸಾಗಿ ಬಲವನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಎತ್ತರ ಮೂರರಲ್ಲಿ ಒಂದಾದರೆ ಗಡಸುತನ 27 ಪಟ್ಟು. ಅಂಥ ಪಿಲ್ಲರ್‌ಗಳು ಓರೆಯಾಗಿ ಸೀಳುತ್ತವೆ. ಗೋಡೆಗೂ ಪಿಲ್ಲರಿಗೂ ನಡುವೆ ಸಂದು ಬಿಡಬೇಕು, ಇಲ್ಲವೇ ಆ ಪಿಲ್ಲರಿಗೆ ಪೂರ್ತಿ ಎತ್ತರಕ್ಕೆ ಹತ್ತಿರದ ರಿಂಗು ಕಟ್ಟಬೇಕು. ನೆಲಮಹಡಿಯನ್ನು ಪಾರ್ಕಿಂಗ್‌ಗೆಂದು ಬರೀ ಪಿಲ್ಲರ್ ಮೇಲೆ ನಿಲ್ಲಿಸುವುದಂತೂ ಆಸ್ಪತ್ರೆಗೆ ಬೇಡವೇ ಬೇಡ.

ಹಳೆಯ ಕಟ್ಟಡಕ್ಕೆ ಅಂಟಿಸಿ ಹೊಸ ಬ್ಲಾಕ್ ಕಟ್ಟುವಾಗ ಪ್ರತಿ ಅಂತಸ್ತಿಗೆ 20 ಮಿ.ಮೀ. ಲೆಕ್ಕದಲ್ಲಿ, ಮೂರು ಅಂತಸ್ತಿಗೆ 60 ಮಿ.ಮೀ. ಸಂದು ಇರಬೇಕು. ನಕ್ಷೆಯಲ್ಲಿ ಇರುತ್ತದೆ. ಸೈಟಿನಲ್ಲಿ ಸೆಂಟ್ರಿಂಗ್ ಹಲಗೆ, ಗಾರೆ, ಇಟ್ಟಿಗೆ ಚೂರು ಬಿದ್ದು ಮುಚ್ಚಿಹೋಗುತ್ತದೆ. ಮುಚ್ಚಿದ ಸಂದು ಇದ್ದೂ ಇಲ್ಲದಂತೆ. ಕಂಪನದಲ್ಲಿ ಎರಡು ಕಟ್ಟಡಗಳು ಒಂದನ್ನೊಂದು ಗುದ್ದುತ್ತವೆ. ಟಾರ್ಚ್ ಹಾಕಿ ಆಚೆಯ ಬೆಳಕು ಕಾಣುತ್ತದೆಯೇ ಎಂದು ನೋಡಿದ ಮೇಲೆಯೇ ಬಿಲ್ ಪಾಸ್ ಮಾಡಬೇಕು.

ಕಟ್ಟಡ ನಿಂತರೆ ಸಾಲದು, ಆಸ್ಪತ್ರೆ ನಡೆಯಬೇಕು. ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ ಕಟ್ಟಿದ ಹೊಸದರಲ್ಲೇ 1971ರ ಭೂಕಂಪದಲ್ಲಿ ಹಾಳಾಯಿತು. ಗಟ್ಟಿಯಾಗಿ ಮರಳಿ ಕಟ್ಟಿದ ಆಸ್ಪತ್ರೆಯ ಚೌಕಟ್ಟು 1994ರಲ್ಲಿ ಅಲುಗದೆ ನಿಂತರೂ ನೀರಿನ ಪೈಪುಗಳು ಒಡೆದು ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು. ಆದ್ದರಿಂದ ಆಕ್ಸಿಜನ್ ಪೈಪು ಕಟ್ಟಡದ ಸಂದು ದಾಟುವಲ್ಲಿ ಬಾಗುವ ಜೋಡಣೆ, ಸಿಲಿಂಡರ್‌ಗಳಿಗೆ ಮೇಲೊಂದು ಕೆಳಗೊಂದು ಸರಪಳಿ, ಜನರೇಟರ್‌ಗೂ ಯುಪಿಎಸ್ ಬ್ಯಾಟರಿ ಸ್ಟ್ಯಾಂಡಿಗೂ ನೆಲಕ್ಕೆ ಬೋಲ್ಟು, ಔಷಧಿ ಬೀರುಗಳಿಗೆ ಗೋಡೆಯ ಆಸರೆ ಬೇಕು. ತಾರಸಿಯ ಮೇಲಿನ 5,000 ಲೀಟರ್ ಟ್ಯಾಂಕ್ ಎಂದರೆ ಐದು ಟನ್ ತೂಕ. ಅದನ್ನು ಬರಿಯ ಇಟ್ಟಿಗೆ ಕಂಬದ ಮೇಲೆ ಕೂರಿಸುವುದನ್ನು ಈಗಲೇ, ಹಳೆಯ ಆಸ್ಪತ್ರೆಗಳಲ್ಲೂ, ನಿಲ್ಲಿಸಬೇಕು.

ಹಳೆಯದನ್ನೇ ಗಟ್ಟಿಮಾಡಬಾರದೇ ಎಂದು ಕೇಳುವವರಿದ್ದಾರೆ. ಮೊದಲು ಒಂದೆರಡು ಪಿಲ್ಲರಿನ ಮೇಲ್ಪದರ ಕೆತ್ತಿ ರಿಂಗು, ತುಕ್ಕು ನೋಡಬೇಕು, ಕಾಂಕ್ರೀಟನ್ನು ಕೊರೆದು ತುಂಡು (ಕೋರ್) ತೆಗೆದು ಪರೀಕ್ಷಿಸಬೇಕು. ಪಿಲ್ಲರಿಗೆ ಸುತ್ತಲೂ ಕನಿಷ್ಠ 100 ಮಿ.ಮೀ. ಕಾಂಕ್ರೀಟ್ ಕವಚ ತೊಡಿಸಬಹುದು, ಆದರೆ ತಳಪಾಯದಿಂದಲೇ ಅಗೆದು ಬರಬೇಕು. ರೋಗಿಗಳಿರುವ ವಾರ್ಡಿನಲ್ಲಿ ಆ ಧೂಳು, ಸೋಂಕು, ಸದ್ದು ಆಗದ ಮಾತು. ಮಣ್ಣುಗಾರೆಯ ಕಲ್ಲುಗೋಡೆಯ ಕಟ್ಟಡಕ್ಕೆ ಈ ಖರ್ಚು ಸಲ್ಲದು. ಹೊಸದನ್ನು ಪಕ್ಕದಲ್ಲಿ ಕಟ್ಟಿ, ಹೆರಿಗೆ ವಾರ್ಡ್ ಮತ್ತು ತುರ್ತು ಚಿಕಿತ್ಸೆಯನ್ನು ಸ್ಥಳಾಂತರಿಸಿ, ಆಮೇಲೆ ಹಳೆಯದನ್ನು ಕೆಡವುವುದೇ ಸರಿಯಾದ ಕ್ರಮ.

ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆ ಇದನ್ನೆಲ್ಲ ಟೆಂಡರ್‌ಗೆ ಮೊದಲೇ ಬರೆಯಬೇಕು. ವಿನ್ಯಾಸದ ಲೆಕ್ಕವನ್ನು ಹೊರಗಿನ ತಜ್ಞರಿಂದ ಪರಿಶೀಲಿಸಬೇಕು. 135 ಡಿಗ್ರಿಯ ಕೊಕ್ಕೆ, ಗಂಟಿನೊಳಗಿನ ರಿಂಗು, ಪೈಪಿನ ಬಾಗುವ ಜೋಡಣೆ, ಬೋಲ್ಟು ಇವೆಲ್ಲ ಎಸ್ಟಿಮೇಟ್‌ನಲ್ಲಿ ಪ್ರತ್ಯೇಕ ಐಟಂಗಳಾಗಬೇಕು. ದರ ಬರೆಯದ ಕೆಲಸವನ್ನು ಯಾವ ಗುತ್ತಿಗೆದಾರನೂ ಮಾಡುವುದಿಲ್ಲ. ಕಾಂಕ್ರೀಟ್ ಸುರಿಯುವ ಮುನ್ನ ಪ್ರತಿ ಪಿಲ್ಲರಿನ ಕಂಬಿಯ ಫೋಟೊ, ಪಕ್ಕದಲ್ಲಿ ಟೇಪ್ ಹಿಡಿದು ತೆಗೆದದ್ದು, ಕಡತದಲ್ಲಿರಬೇಕು.

ಇಂತಿ,
ಕೆಲವು ನಿವೃತ್ತ ಸಿವಿಲ್ ಎಂಜಿನಿಯರ್‌ಗಳು, ಚಿಕ್ಕಬಳ್ಳಾಪುರ